ವಾರವಿಡೀ ಕುರ್ಚಿ, ಭಾನುವಾರ ಮೈದಾನ

ಸೋಮವಾರದಿಂದ ಶನಿವಾರದ ತನಕ ನೀವು ದಿನಕ್ಕೆ ಎಂಟು ಗಂಟೆ ಮೇಜಿನ ಮುಂದೆ ಕುಳಿತಿರುತ್ತೀರಿ. ಭಾನುವಾರ ಫಜ್ರ್ ನಮಾಝ್ ಮುಗಿದೊಡನೆ ಶಟಲ್ ಬ್ಯಾಟ್ ಹಿಡಿದು ಹೊರಡುತ್ತೀರಿ. ಒಳ್ಳೆಯ ಅಭ್ಯಾಸವೇ. ಆದರೆ ಆರು ದಿನ ಕುರ್ಚಿಯ ಆಕಾರಕ್ಕೆ ಒಗ್ಗಿದ ದೇಹವು ಏಳನೆಯ ದಿನ ನೀವು ಕರೆದ ಕಡೆಗೆಲ್ಲ ಬರುವುದೇ ಎಂದು ಎಂದಾದರೂ ಕೇಳಿಕೊಂಡಿದ್ದೀರಾ?

ನಾನು ಕೇಳಿಕೊಂಡಿರಲಿಲ್ಲ. ನಲ್ವತ್ತು ದಾಟಿದ ಮೇಲೆ ಒಂದು ಭಾನುವಾರ, ಬಲೆಯ ಬಳಿ ಬಿದ್ದ ಶಟಲನ್ನು ಎತ್ತಲು ಬಗ್ಗಿದವನಿಗೆ ನೇರವಾಗಲು ಸಾಧ್ಯವಾಗಲಿಲ್ಲ. ಮುಂದಿನ ಐದು ವಾರ ಮಸೀದಿಯ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ನಮಾಝ್ ನಿರ್ವಹಿಸಬೇಕಾಯಿತು. ಪಕ್ಕದಲ್ಲಿ ಎಪ್ಪತ್ತರ ಹಿರಿಯರೊಬ್ಬರು ಸುಜೂದ್‌ನಿಂದ ಸಲೀಸಾಗಿ ಏಳುತ್ತಿದ್ದರು. ನೋವಿಗಿಂತ ಆ ನಾಚಿಕೆಯೇ ದೊಡ್ಡದಾಗಿತ್ತು.

ಕುಳಿತೇ ಇರುವುದರ ಹಾನಿ ಇಂದು ನಿನ್ನೆ ತಿಳಿದದ್ದಲ್ಲ. ಲಂಡನ್ನಿನ ಎರಡಂತಸ್ತಿನ ಬಸ್ಸುಗಳಲ್ಲಿ ದಿನವಿಡೀ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಿಗೆ, ಕುಳಿತು ಓಡಿಸುವ ಚಾಲಕರಿಗಿಂತ ಹೃದ್ರೋಗ ಕಡಿಮೆ ಎಂದು ಜೆರೆಮಿ ಮಾರಿಸ್ ಮತ್ತು ಸಂಗಡಿಗರು 1953ರಲ್ಲೇ ತೋರಿಸಿದ್ದರು. ಅದು ಹೃದಯದ ಮಾತಾಯಿತು. ನಾನು ಇಲ್ಲಿ ಹೇಳಹೊರಟಿರುವುದು ಕೀಲುಗಳ ಮಾತು.

ಕುಳಿತಾಗ ತೊಡೆಯು ಸೊಂಟಕ್ಕೆ ಸೇರುವ ಕೀಲು ಸದಾ ಮಡಚಿಕೊಂಡಿರುತ್ತದೆ. ಅದರ ಮುಂಭಾಗದ ಸ್ನಾಯುಗಳು ಬಿಗಿಯಾಗುತ್ತವೆ, ಹಿಂಭಾಗದ ಪೃಷ್ಠದ ಸ್ನಾಯುಗಳಿಗೆ ಕೆಲಸವೇ ಇಲ್ಲ. ಬೆನ್ನಿನ ಮೇಲ್ಭಾಗ ಗೂನಾಗುತ್ತದೆ. ಹೀಗಿರುವಾಗ ನೀವು ಶಟಲಿಗಾಗಿ ಒಮ್ಮೆಲೇ ಕಾಲು ಚಾಚಿ ಬಗ್ಗಿದರೆ, ಮಡಚಬೇಕಾದ ಕೀಲು ಮಡಚದೆ ಅದರ ಪಾಲಿನ ಕೆಲಸ ಕೆಳಬೆನ್ನಿನ ಮೇಲೆ ಬೀಳುತ್ತದೆ. ತಪ್ಪು ಒಬ್ಬನದು, ದಂಡ ಇನ್ನೊಬ್ಬನಿಗೆ! ಹಾಗಾಗಿ ನೋಯುವ ಜಾಗಕ್ಕೆ ಮಾತ್ರ ಮುಲಾಮು ಹಚ್ಚಿದರೆ ಸಾಲದು.

ಬಗ್ಗುವುದನ್ನು ಮತ್ತೆ ಕಲಿಯಲು ಒಂದು ಕೋಲು ಸಾಕು. ಅದನ್ನು ಬೆನ್ನ ಹಿಂದೆ ಉದ್ದಕ್ಕೆ ಹಿಡಿಯಿರಿ. ತಲೆಯ ಹಿಂಭಾಗ, ಎರಡು ಭುಜಗಳ ನಡುವೆ ಮತ್ತು ಬೆನ್ನೆಲುಬಿನ ತುದಿ, ಹೀಗೆ ಮೂರು ಕಡೆ ಅದು ತಾಗಿರಲಿ. ಈಗ ಮಂಡಿಯನ್ನು ತುಸು ಸಡಿಲಿಸಿ, ಹಿಂದಿರುವ ಬಾಗಿಲನ್ನು ಪೃಷ್ಠದಿಂದ ಮುಚ್ಚುವವರಂತೆ ಸೊಂಟವನ್ನು ಹಿಂದಕ್ಕೆ ತಳ್ಳುತ್ತಾ ಬಾಗಿರಿ. ಮೂರರಲ್ಲಿ ಒಂದು ಕಡೆ ಕೋಲು ಬಿಟ್ಟಿತೆಂದರೆ ಅಲ್ಲಿಗೇ ನಿಲ್ಲಿಸಿ. ಇವತ್ತಿಗೆ ನಿಮ್ಮ ಮಿತಿ ಅಷ್ಟೇ. ಮೊದಲ ದಿನ ನನ್ನ ಕೋಲು ಒಂದು ಗೇಣು ಬಾಗುವಷ್ಟರಲ್ಲೇ ಬಿಟ್ಟಿತ್ತು.

ಈ ಬಾಗುವಿಕೆ ನಿಮಗೆ ಅಪರಿಚಿತವೇನಲ್ಲ. ಪ್ರವಾದಿ(ಸ)ರವರು ರುಕೂಅ್‌ನಲ್ಲಿ ತಲೆಯನ್ನು ಎತ್ತುತ್ತಲೂ ಇರಲಿಲ್ಲ, ತಗ್ಗಿಸುತ್ತಲೂ ಇರಲಿಲ್ಲ, ಅವೆರಡರ ನಡುವೆ ಇರಿಸುತ್ತಿದ್ದರೆಂದು ಹಝ್ರತ್ ಆಇಶಾ(ರ) ವಿವರಿಸಿದ್ದಾರೆ. ಹಾಗೆಂದು ನಮಾಝನ್ನು ವ್ಯಾಯಾಮವೆಂದು ಹೊಗಳುವವರ ಮಾತು ನನಗೆ ಹಿಡಿಸದು. ಅದು ಆರಾಧನೆ. ಆದರೆ ದಿನಕ್ಕೆ ಐದು ಹೊತ್ತು ಬಾಗುವವನು ಗೂನುಬೆನ್ನಿನಿಂದ ಅವಸರದಲ್ಲಿ ಬಾಗಬೇಕೇಕೆ?

ಇನ್ನು ಪಾದದ ಗಂಟು. ಹೆಬ್ಬೆರಳು ಗೋಡೆಯಿಂದ ಸುಮಾರು 10 ಸೆಂಟಿಮೀಟರ್ ದೂರವಿರುವಂತೆ ಪಾದವನ್ನಿಟ್ಟು, ಹಿಮ್ಮಡಿ ಎತ್ತದೆ ಮಂಡಿಯನ್ನು ಗೋಡೆಗೆ ತಾಗಿಸಿ ನೋಡಿ. ತಾಗದಿದ್ದರೆ ಗಂಟು ಬಿಗಿದಿರಬಹುದು. ಅಂಥವರು ಕುಕ್ಕುರುಗಾಲಿನಲ್ಲಿ ಕುಳಿತರೆ ಹಿಮ್ಮಡಿ ಮೇಲೇಳುತ್ತದೆ, ಇಲ್ಲವೇ ಮಂಡಿ ಒಳಕ್ಕೆ ವಾಲುತ್ತದೆ. ಮಂಡಿಯು ಪಾದದ ಬೆರಳುಗಳ ದಿಕ್ಕಿಗೇ ಬಾಗಬೇಕು. ದಿನವೂ ಕೆಲವು ಸಲ ಇದನ್ನೇ ಮೆಲ್ಲಗೆ ಮಾಡುತ್ತಿದ್ದರೆ ಗಂಟು ಕ್ರಮೇಣ ಸಡಿಲವಾಗುತ್ತದೆ.

ನಮ್ಮ ಯುವಕರು ಎಣಿಕೆಯ ಹಿಂದೆ ಬೀಳುತ್ತಾರೆ: ಐವತ್ತು ಬಸ್ಕಿ, ನೂರು ಬಸ್ಕಿ. ಅವಸರದಲ್ಲಿ ನಮಾಝ್ ಮುಗಿಸಿ ಬಂದು ಸಲಾಮ್ ಹೇಳಿದ ವ್ಯಕ್ತಿಯನ್ನು ಪ್ರವಾದಿ(ಸ) ಮೂರು ಬಾರಿ ಹಿಂದಕ್ಕೆ ಕಳುಹಿಸಿ, ಬಳಿಕ ಪ್ರತಿಯೊಂದು ಭಂಗಿಯಲ್ಲೂ ನೆಮ್ಮದಿಯಾಗಿ ನೆಲೆಗೊಳ್ಳುವಂತೆ ಕಲಿಸಿದ ಘಟನೆ ನೀವು ಕೇಳಿರಬಹುದು. ಅಲ್ಲಿ ರಕಅತ್‌ಗಳ ಸಂಖ್ಯೆ ಕಡಿಮೆಯಾಗಿತ್ತೆಂದಲ್ಲ ಅವರು ಕಳುಹಿಸಿದ್ದು. ಹಗಲಿಡೀ ಉಪವಾಸ, ರಾತ್ರಿಯಿಡೀ ನಮಾಝ್ ಎಂದು ಹೊರಟ ಹಝ್ರತ್ ಅಬ್ದುಲ್ಲಾ ಬಿನ್ ಅಮ್ರ್(ರ) ಅವರಿಗೂ ದೇಹದ ಹಕ್ಕನ್ನು ನೆನಪಿಸಲಾಗಿತ್ತು. ಸರಿಯಾದ ಹತ್ತು ಬಸ್ಕಿ ಮುಗಿದು ಹನ್ನೊಂದನೆಯದು ಕೆಟ್ಟರೆ, ಹತ್ತಕ್ಕೇ ಸಾಕುಮಾಡಿ.

ಆಟಕ್ಕಿಳಿಯುವ ಮುನ್ನ ಹತ್ತು ನಿಮಿಷ ನಡೆದು, ಕೈಕಾಲು ಬೀಸಿ ಮೈ ಬಿಸಿ ಮಾಡಿಕೊಳ್ಳಿ. ಕಚೇರಿಯಲ್ಲಿ ಅರ್ಧ ಗಂಟೆಗೊಮ್ಮೆ ಎದ್ದು ನಿಲ್ಲಿ. ವಾರದ ಆಟವನ್ನೆಲ್ಲ ಭಾನುವಾರಕ್ಕೇ ಕೂಡಿಡದೆ ನಡುವೆ ಎರಡು ದಿನವಾದರೂ ಮೈ ದಂಡಿಸಿ. ನೋವು ಕಾಲಿನೊಳಕ್ಕೆ ಇಳಿದರೆ, ಪಾದ ಜೋಮು ಹಿಡಿದರೆ, ಆಡುವಾಗ ಎದೆ ಬಿಗಿದರೆ ಈ ಲೇಖನವನ್ನು ಬದಿಗಿಟ್ಟು ವೈದ್ಯರಲ್ಲಿಗೆ ಹೋಗಿ.

ಕೋಲಿಗಾಗಿ ಅಂಗಡಿ ಹುಡುಕಬೇಕಾಗಿಲ್ಲ. ಮನೆಯಲ್ಲಿ ನೆಲ ಒರೆಸುವ ಕೋಲು ಇದ್ದರೆ ಆಯಿತು. ನನ್ನದು ಅದೇ. ಒರೆಸುವ ಹೊತ್ತಿಗೆ ಅದನ್ನು ಹಿಂದಿರುಗಿಸಬೇಕೆಂಬ ಒಂದೇ ಷರತ್ತನ್ನು ಮನೆಯವರು ಹಾಕಿದ್ದಾರೆ.