ಕೋಚ್‌ಗೆ ಹೇಳಲ್ಲ ಅಂತ ಮಾತು ಕೊಟ್ಟಿದ್ದೇನೆ

ಪ್ರಶ್ನೆ: ನಾವು ಮೈಸೂರಿನವರು, ಹದಿನೆಂಟು ವರ್ಷದಿಂದ ಟೆಕ್ಸಸ್‌ನ ಡಲ್ಲಾಸ್ ಹತ್ತಿರ ಇದ್ದೇವೆ. ಮಗನಿಗೆ ಹದಿನೈದು ವರ್ಷ. ಇಲ್ಲಿಯ ಹೈಸ್ಕೂಲಿನ ಅಮೆರಿಕನ್ ಫುಟ್‌ಬಾಲ್ ಟೀಮಿನಲ್ಲಿ ಲೈನ್‌ಬ್ಯಾಕರ್, ಅಂದರೆ ಎದುರಾಳಿಯನ್ನು ತಡೆದು ಕೆಡವುವ ಸ್ಥಾನ. ಮೂರು ವಾರದ ಹಿಂದೆ ಪ್ರಾಕ್ಟೀಸ್ ಮುಗಿಸಿ ಬಂದವನು "ಅಮ್ಮಾ, ಲೈಟ್ ಆರಿಸು" ಅಂತ ಮಲಗಿಬಿಟ್ಟ. ಒಂದು ಸಲ ವಾಂತಿಯೂ ಆಯಿತು. ಟ್ಯಾಕಲ್ ಮಾಡುವಾಗ ತಲೆಗೆ ತಲೆ ತಾಗಿತಂತೆ. ಕೋಚ್‌ಗೆ ಗೊತ್ತಾದರೆ ಕೂರಿಸಿಬಿಡುತ್ತಾರೆ, ಶಾಲೆಯ ಮುಖ್ಯ ಟೀಮಾದ ವಾರ್ಸಿಟಿ ಕೈತಪ್ಪುತ್ತದೆ ಅಂತ ಅತ್ತು ನನ್ನಿಂದ ಮಾತು ತೆಗೆದುಕೊಂಡ. ಆ ವಾರದ ಮ್ಯಾಚೂ ಆಡಿದ. ಈಗ ಚೆನ್ನಾಗಿಯೇ ಇದ್ದಾನೆ. ಆದರೆ ಓದಲು ಕೂತರೆ ಅರ್ಧ ಗಂಟೆಗೆ ತಲೆ ಹಿಡಿದುಕೊಳ್ಳುತ್ತಾನೆ. ನಮ್ಮವರಿಗೆ ಇದ್ಯಾವುದೂ ಗೊತ್ತಿಲ್ಲ. "ಎನ್‌ಎಫ್‌ಎಲ್‌ನಲ್ಲೇ ತಲೆಪೆಟ್ಟು ಕಮ್ಮಿಯಾಗಿದೆ, ಈಗಿನ ಹೆಲ್ಮೆಟ್ ಮೊದಲಿನ ಹಾಗಲ್ಲ" ಅನ್ನುತ್ತಾರೆ. ಹೆಲ್ಮೆಟ್ ಮೇಲೆ ಹಾಕುವ ಮೆತ್ತನೆಯ ಟೋಪಿಯನ್ನೂ ತರಿಸಿದ್ದಾರೆ. ನಮ್ಮ ಮಾವ ಮೈಸೂರಿನಲ್ಲಿ ಕೂತು ಮೊಮ್ಮಗನ ವಿಡಿಯೊ ನೋಡಿ ಹಿಗ್ಗುತ್ತಾರೆ. ವೃತ್ತಿ ಆಟಗಾರರಿಗೇ ಅಪಾಯ ಕಡಿಮೆಯಾಗಿದೆ ಅಂದಮೇಲೆ ನಾನು ಸುಮ್ಮನೆ ಹೆದರುತ್ತಿದ್ದೇನಾ?
— ಹೆಸರು ಬೇಡ, ಡಲ್ಲಾಸ್

ಉತ್ತರ: ತಾಯಿ, ನಿಮ್ಮ ಪತ್ರ ಓದಿದ ದಿನವೇ ಒಂದು ಪ್ಯಾರಾ ಇ-ಮೇಲ್ ಮಾಡಿದ್ದೆ. ಪತ್ರಿಕೆ ಅಚ್ಚಾಗುವ ತನಕ ಕಾಯುವ ವಿಷಯ ಅದಲ್ಲ. ಬೇರೆ ತಾಯಂದಿರಿಗೂ ಬೇಕಾಗಬಹುದು ಎಂದು ಅದನ್ನೇ ಇಲ್ಲಿ ಮೊದಲು ಹಾಕುತ್ತೇನೆ: ಮಾತು ಮುರಿಯಿರಿ, ಇವತ್ತೇ. ತಲೆಗೆ ಪೆಟ್ಟು ಬಿದ್ದ ಮೇಲೆ ಬೆಳಕು ಸೇರದಿರುವುದು, ವಾಂತಿ, ಮೂರು ವಾರವಾದರೂ ಓದುವಾಗ ತಲೆನೋವು, ಇವೆಲ್ಲ ಕನ್‌ಕಷನ್‌ನ, ಅಂದರೆ ಮಿದುಳು ಅಲುಗಿದ ಪೆಟ್ಟಿನ ಲಕ್ಷಣಗಳು. ಡಾಕ್ಟರು ನೋಡಿ ಬರೆದುಕೊಡುವ ತನಕ ಅವನು ಮೈದಾನಕ್ಕೆ ಇಳಿಯಬಾರದು. ಮೊದಲ ಪೆಟ್ಟು ಮಾಯುವ ಮುಂಚೆ ಎರಡನೆಯದು ಬಿದ್ದರೆ ಎಳೆಯ ಮಿದುಳು ಇದ್ದಕ್ಕಿದ್ದಂತೆ ಊದಿಕೊಳ್ಳಬಹುದು. ಅಪರೂಪ, ಆದರೆ ಆದಾಗ ಜೀವಕ್ಕೇ ಕುತ್ತು. ತಲೆನೋವು ಏರುತ್ತಾ ಹೋದರೆ, ಮತ್ತೆ ಮತ್ತೆ ವಾಂತಿಯಾದರೆ, ಮಾತು ತೊದಲಿದರೆ, ಎಬ್ಬಿಸಿದರೂ ಏಳದಿದ್ದರೆ ಅಪಾಯಿಂಟ್‌ಮೆಂಟ್ ಅಂತ ಕೂರಬೇಡಿ, 911ಕ್ಕೆ ಫೋನ್ ಮಾಡಿ.

ಇನ್ನು ನಿಮ್ಮ ಯಜಮಾನರ ಮಾತು. ಅವರು ಹೇಳಿದ್ದು ಸುಳ್ಳಲ್ಲ. 2017ರಲ್ಲಿ ಅಮೆರಿಕದ ವೃತ್ತಿ ಲೀಗ್ ಆದ ಎನ್‌ಎಫ್‌ಎಲ್ ಲೆಕ್ಕಕ್ಕೆ ಸಿಕ್ಕ ಕನ್‌ಕಷನ್‌ಗಳು 281. 2024ರಲ್ಲಿ 182. 2015ರಿಂದ ಇಟ್ಟ ಲೆಕ್ಕದಲ್ಲಿ ಅದಕ್ಕಿಂತ ಕಡಿಮೆ ಅಲ್ಲಿಯ ತನಕ ಯಾವ ವರ್ಷವೂ ಇರಲಿಲ್ಲ ಎಂದು ಲೀಗ್ ಹೇಳಿತು. ಅವರು ತಪ್ಪುತ್ತಿರುವುದು ಹೇಗೆ ಕಡಿಮೆಯಾಯಿತು ಅನ್ನುವಲ್ಲಿ. ಎಲ್ಲ ಪುಣ್ಯವನ್ನೂ ಹೆಲ್ಮೆಟ್‌ಗೆ ಕೊಡುತ್ತಿದ್ದಾರೆ.

ತಿಪಟೂರಿನ ಕಡೆ ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿಸಿದ ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ್ದೀರಾ? ಚಿಪ್ಪು ಗಟ್ಟಿಯಾಗಿಯೇ ಇರುತ್ತದೆ, ಒಳಗೆ ಉಂಡೆ ಕೊಬ್ಬರಿ ಲೊಟಲೊಟ ಅನ್ನುತ್ತದೆ. ಮಿದುಳು ಅಷ್ಟು ಸಡಿಲ ಅಲ್ಲ, ನೀರಿನಲ್ಲಿ ತೇಲಿಕೊಂಡಿರುತ್ತದೆ. ಆದರೂ ಓಡುತ್ತಿದ್ದ ತಲೆ ಗಕ್ಕನೆ ನಿಂತಾಗ, ಪಕ್ಕಕ್ಕೆ ತಿರುಚಿದಾಗ, ಒಳಗಿನದು ನಿಲ್ಲುವುದಿಲ್ಲ. ಹೆಲ್ಮೆಟ್ ಹುಟ್ಟಿದ್ದು ಬುರುಡೆ ಒಡೆಯದಿರಲಿ ಎಂದು, ಆ ಕೆಲಸ ಅದು ಚೆನ್ನಾಗಿ ಮಾಡುತ್ತದೆ. ಚಿಪ್ಪಿಗೆ ಎಷ್ಟು ಬಟ್ಟೆ ಸುತ್ತಿದರೂ ಒಳಗಿನ ಲೊಟಲೊಟ ಪೂರ್ತಿ ನಿಲ್ಲುವುದಿಲ್ಲವಲ್ಲ. ನೀವು ತರಿಸಿದ ಮೆತ್ತನೆ ಟೋಪಿಯನ್ನು 2022ರಿಂದ ಎನ್‌ಎಫ್‌ಎಲ್ ತನ್ನ ಕೆಲವು ಸ್ಥಾನಗಳ ಆಟಗಾರರಿಗೆ ಪ್ರಾಕ್ಟೀಸ್ ಕ್ಯಾಂಪಿನಲ್ಲಿ ಕಡ್ಡಾಯ ಮಾಡಿತು, ಲಾಭವಾಗಿದೆ ಎಂದೂ ಹೇಳಿತು. ವಿಸ್ಕಾನ್ಸಿನ್‌ನ ಹೈಸ್ಕೂಲು ಹುಡುಗರ ಮೇಲೆ ನಡೆದ ಅಧ್ಯಯನದಲ್ಲಿ ಅಂಥ ಲಾಭ ಕಾಣಲಿಲ್ಲ. ತಂದಿದ್ದೀರಿ, ಹಾಕಿಕೊಳ್ಳಲಿ. ಧೈರ್ಯ ಮಾತ್ರ ಅದರಿಂದ ತಂದುಕೊಳ್ಳಬೇಡಿ.

ನಾನು ದಾವಣಗೆರೆ ಕಡೆಯವಳು, ಟಗರು ಕಾಳಗದ ಊರಿನವಳು. ಈ ಆಟದಲ್ಲಿ ತಲೆ ತಗ್ಗಿಸಿ ನುಗ್ಗುವುದನ್ನು ಮೊದಲ ಸಲ ಟಿವಿಯಲ್ಲಿ ನೋಡಿದಾಗ ನೆನಪಾಗಿದ್ದು ಅದೇ. ತಮಾಷೆ ಏನೆಂದರೆ, ಹೆಲ್ಮೆಟ್ ಗಟ್ಟಿಯಾದಷ್ಟೂ ಜನ ಅದನ್ನೇ ಆಯುಧ ಮಾಡಿಕೊಂಡರು. 1976ರಲ್ಲೇ ಕಾಲೇಜು ಮತ್ತು ಹೈಸ್ಕೂಲು ಆಟದಲ್ಲಿ ಹಾಗೆ ಗುದ್ದುವುದನ್ನು ನಿಷೇಧಿಸಬೇಕಾಯಿತು. ವೃತ್ತಿ ಆಟದಲ್ಲಿ ಯಾವ ಆಟಗಾರನೂ ತಲೆ ತಗ್ಗಿಸಿ ಹೆಲ್ಮೆಟ್‌ನಿಂದ ಎದುರಾಳಿಯನ್ನು ಗುದ್ದಬಾರದು ಎಂಬ ವಿಶಾಲ ನಿಯಮ ಬಂದದ್ದು 2018ರಲ್ಲಿ. ಅದೇ ವರ್ಷ ಲೆಕ್ಕ 281ರಿಂದ 214ಕ್ಕೆ ಇಳಿಯಿತು. ಹೆಲ್ಮೆಟ್ ಸುಧಾರಣೆಗೂ ಪಾಲಿದೆ, ಇಲ್ಲವೆನ್ನುವುದಿಲ್ಲ. ದೊಡ್ಡ ಪಾಲು ಗುದ್ದುವುದನ್ನೇ ಕಡಿಮೆ ಮಾಡಿದ್ದಕ್ಕೆ ಸೇರಬೇಕು ಎಂಬುದು ನನ್ನ ಎಣಿಕೆ.

ಚೆಂಡು ಒದ್ದು ಆಟ ಶುರುಮಾಡುವ ಕಿಕಾಫ್ ನೋಡಿ. ಎರಡೂ ಕಡೆಯವರು ಮೈದಾನದ ಉದ್ದಕ್ಕೂ ಓಡಿಬಂದು ಡಿಕ್ಕಿ ಹೊಡೆಯುವ ಕ್ಷಣ ಅದು. ಹಾರ್ವರ್ಡ್, ಡಾರ್ಟ್‌ಮತ್ ಮುಂತಾದ ಕಾಲೇಜುಗಳ ಐವಿ ಲೀಗ್ 2016ರಲ್ಲಿ ಚೆಂಡನ್ನು ಐದೇ ಗಜ ಮುಂದಿಟ್ಟು ಒದೆಯಲು ಹೇಳಿತು. ಚೆಂಡು ಮೈದಾನದ ಆಚೆ ತುದಿ ದಾಟತೊಡಗಿತು, ಓಡಿಬಂದು ಗುದ್ದುವ ಪ್ರಸಂಗವೇ ಕಡಿಮೆಯಾಯಿತು. ಸಾವಿರ ಕಿಕಾಫ್‌ಗೆ ಸುಮಾರು 11 ಕನ್‌ಕಷನ್ ಆಗುತ್ತಿದ್ದದ್ದು 2ಕ್ಕೆ ಇಳಿಯಿತು. ಬದಲಾದದ್ದು ಹೆಲ್ಮೆಟ್ ನಿಯಮವಲ್ಲ, ಕಿಕಾಫ್ ನಿಯಮ ಅಷ್ಟೆ. ಎನ್‌ಎಫ್‌ಎಲ್ 2024ರಲ್ಲಿ ಇನ್ನೊಂದು ದಾರಿ ಹಿಡಿಯಿತು: ಎರಡೂ ಕಡೆಯವರನ್ನು ಹತ್ತಿರ ಹತ್ತಿರ ನಿಲ್ಲಿಸಿ, ಚೆಂಡು ಕೈಗೋ ನೆಲಕ್ಕೋ ಬೀಳುವ ತನಕ ಅಲ್ಲಾಡಬೇಡಿ ಎಂದಿತು. ಓಟದ ವೇಗವನ್ನೇ ಕಿತ್ತುಕೊಂಡಿತು.

ಅಭ್ಯಾಸದ ಕಥೆ ಇನ್ನೂ ಮುಖ್ಯ, ನಿಮ್ಮ ಮಗನಿಗೆ ಪೆಟ್ಟು ಬಿದ್ದದ್ದೂ ಅಲ್ಲೇ ತಾನೆ. 2011ರಲ್ಲಿ ಆಟಗಾರರ ಸಂಘ ಜಗ್ಗಿ ಮಾಡಿಕೊಂಡ ಒಪ್ಪಂದದಂತೆ ಎನ್‌ಎಫ್‌ಎಲ್ ತಂಡವೊಂದು ಇಡೀ ಲೀಗ್ ಸೀಸನ್ನಿನಲ್ಲಿ ಪೂರ್ತಿ ಪ್ಯಾಡ್ ಕಟ್ಟಿ ಅಭ್ಯಾಸ ಮಾಡಬಹುದಾದದ್ದು 14 ದಿನ ಮಾತ್ರ. ಅದಕ್ಕೂ ಒಂದು ವರ್ಷ ಮೊದಲೇ ಡಾರ್ಟ್‌ಮತ್‌ನ ಕೋಚ್ ಬಡ್ಡಿ ಟೀವೆನ್ಸ್, ನನ್ನ ಹುಡುಗರು ಅಭ್ಯಾಸದಲ್ಲಿ ಒಬ್ಬರನ್ನೊಬ್ಬರು ಟ್ಯಾಕಲ್ ಮಾಡುವಂತಿಲ್ಲ ಎಂದುಬಿಟ್ಟರು. ಜನ ತಲೆಕೆಟ್ಟಿದೆ ಎಂದರು. ಆಮೇಲೆ ಅಲ್ಲಿಯ ಎಂಜಿನಿಯರಿಂಗ್ ವಿದ್ಯಾರ್ಥಿಗಳು ರಿಮೋಟಿನಿಂದ ಓಡಾಡುವ ಗೊಂಬೆಯೊಂದನ್ನು ಮಾಡಿಕೊಟ್ಟರು, ಹುಡುಗರು ಅದನ್ನು ಕೆಡವಿ ಕಲಿತರು. 2015ರಲ್ಲಿ ಅದೇ ತಂಡ ಐವಿ ಲೀಗ್ ಪ್ರಶಸ್ತಿ ಹಂಚಿಕೊಂಡಿತು. ಇದನ್ನು ನಿಮ್ಮ ಯಜಮಾನರಿಗೆ ಓದಿ ಹೇಳಿ. ನ್ಯೂಜೆರ್ಸಿ 2019ರಲ್ಲಿ ಹೈಸ್ಕೂಲು ಹುಡುಗರ ಪೂರ್ತಿ ಗುದ್ದಾಟದ ಅಭ್ಯಾಸವನ್ನು ಸೀಸನ್ನಿನಲ್ಲಿ ವಾರಕ್ಕೆ 90 ನಿಮಿಷದಿಂದ 15 ನಿಮಿಷಕ್ಕೆ ಇಳಿಸಿತು. ನಿಮ್ಮ ಶಾಲೆಯಲ್ಲಿ ಎಷ್ಟು ನಿಮಿಷ? ಹೆಲ್ಮೆಟ್‌ಗೆ ಎಷ್ಟು ಸ್ಟಾರ್ ಎಂದು ಹುಡುಕುವ ಮೊದಲು ಕೋಚ್‌ಗೆ ಕೇಳಬೇಕಾದ ಪ್ರಶ್ನೆ ಇದು.

ಮತ್ತೊಂದು, ಆ 182 ಎಂಬ ಅಂಕಿ ಎಣಿಸುವುದು ಗೊತ್ತಾದ ಕನ್‌ಕಷನ್‌ಗಳನ್ನು. ಸಾಲುಗಟ್ಟಿ ನಿಂತವರ ತಲೆಗೆ ಮತ್ತೆ ಮತ್ತೆ ಬೀಳುವ ಸಣ್ಣ ಪೆಟ್ಟುಗಳು ಅದರಲ್ಲಿಲ್ಲ. ಪಿಟ್ಸ್‌ಬರ್ಗ್ ತಂಡದ ಹಳೆಯ ಆಟಗಾರ ಮೈಕ್ ವೆಬ್‌ಸ್ಟರ್ 2002ರಲ್ಲಿ ಐವತ್ತಕ್ಕೇ ತೀರಿಕೊಂಡಾಗ, ನೈಜೀರಿಯಾದಿಂದ ಬಂದ ವೈದ್ಯ ಬೆನೆಟ್ ಒಮಾಲು ಅವನ ಮಿದುಳಿನಲ್ಲಿ ಟೌ ಎಂಬ ಪ್ರೋಟೀನು ಗಂಟು ಕಟ್ಟಿದ್ದನ್ನು ಕಂಡರು. ಸಿಟಿಇ ಎಂದು ಕರೆಯುವುದು ಅದನ್ನೇ. 2005ರಲ್ಲಿ ಪ್ರಬಂಧ ಬಂದಾಗ ಲೀಗ್‌ನ ಸಮಿತಿಯವರು ಅದನ್ನು ಹಿಂದಕ್ಕೆ ಪಡೆಯಿರಿ ಎಂದರು. (ಮಿದುಳಿನ ಪೆಟ್ಟಿಗೆಂದು 1994ರಲ್ಲಿ ಮಾಡಿದ ಆ ಸಮಿತಿಗೆ ವರ್ಷಗಟ್ಟಲೆ ಅಧ್ಯಕ್ಷರಾಗಿದ್ದವರು ಕೀಲುನೋವಿನ ಡಾಕ್ಟರು!) ಲೀಗ್‌ನ ಹಿರಿಯ ಅಧಿಕಾರಿಯೊಬ್ಬರು ಆಟಕ್ಕೂ ಸಿಟಿಇಗೂ ಸಂಬಂಧ ಇದೆ ಎಂದು ಬಹಿರಂಗವಾಗಿ ಒಪ್ಪಿದ್ದು 2016ರಲ್ಲಿ. ಮರುವರ್ಷ ಬಾಸ್ಟನ್ ವಿಶ್ವವಿದ್ಯಾಲಯದವರು ದಾನವಾಗಿ ಬಂದ 111 ಎನ್‌ಎಫ್‌ಎಲ್ ಆಟಗಾರರ ಮಿದುಳುಗಳಲ್ಲಿ 110ರಲ್ಲಿ ಸಿಟಿಇ ಕಂಡರು. ಆ ಅಂಕಿ ನೋಡಿ ನಿದ್ದೆ ಕೆಡಿಸಿಕೊಳ್ಳಬೇಡಿ. ತೊಂದರೆ ಕಂಡ ಮನೆಯವರೇ ಹೆಚ್ಚಾಗಿ ಮಿದುಳು ದಾನ ಮಾಡಿದ್ದು, ಹಾಗಾಗಿ ಅದು ಎಲ್ಲ ಆಟಗಾರರ ಲೆಕ್ಕವಲ್ಲ. ಅದೇ ತಂಡದ ಇನ್ನೊಂದು ಅಧ್ಯಯನ ನಿಮಗೆ ಹೆಚ್ಚು ಬೇಕಾದದ್ದು: ಆಡುವ ಪ್ರತಿ ಒಂದು ವರ್ಷಕ್ಕೂ ಸಿಟಿಇ ಸಾಧ್ಯತೆ ಸುಮಾರು 30 ಪ್ರತಿಶತ ಏರುತ್ತದೆ. ಒಂದು ಕನ್‌ಕಷನ್‌ನಿಂದ ನಿಮ್ಮ ಮಗನಿಗೆ ಆ ಕಾಯಿಲೆ ಬಂತೆಂದು ಅರ್ಥವಲ್ಲ. ಬದುಕಿರುವಾಗ ಅದನ್ನು ಖಚಿತವಾಗಿ ಹೇಳುವ ಸ್ಕ್ಯಾನೂ ಇಲ್ಲ, ಅದಕ್ಕಾಗಿ ಅಲೆಯಬೇಡಿ.

ವೃತ್ತಿ ಮೈದಾನದಲ್ಲಿ ತಂಡದ ಸಂಬಳಕ್ಕೆ ಸೇರದ ನರತಜ್ಞರು ಅಂಚಿನಲ್ಲಿ ನಿಂತಿರುತ್ತಾರೆ, ಮೇಲೆ ಕೂತು ಯಾರು ತೂರಾಡಿದರು ಎಂದು ನೋಡುವವರೂ ಇರುತ್ತಾರೆ. ಇಷ್ಟಿದ್ದೂ 2022ರ ಸೆಪ್ಟೆಂಬರ್‌ನಲ್ಲಿ ಮಯಾಮಿ ತಂಡದ ಟುವಾ ಟಾಗೊವೈಲೋವಾ ನೆಲಕ್ಕೆ ತಲೆ ಬಡಿದು, ಎದ್ದು ತೂರಾಡಿ, ಬೆನ್ನುನೋವು ಎಂಬ ಕಾರಣದ ಮೇಲೆ ಮತ್ತೆ ಆಡಿದ. ನಾಲ್ಕೇ ದಿನಕ್ಕೆ ಇನ್ನೊಂದು ಮ್ಯಾಚಿನಲ್ಲಿ ಸ್ಟ್ರೆಚರ್ ಮೇಲೆ ಹೋದ. ಎಲ್ಲ ನಿಯಮದ ಪ್ರಕಾರವೇ ನಡೆದಿದೆ ಎಂದಿತು ತನಿಖೆ. ಕೊನೆಗೆ ನಿಯಮವನ್ನೇ ಬದಲಿಸಿ, ತೂರಾಡಿದವನು ಕಾರಣ ಏನೇ ಹೇಳಲಿ, ಅವತ್ತು ಆಡುವಂತಿಲ್ಲ ಎಂದರು. ನಿಮ್ಮ ಮಗನ ಪ್ರಾಕ್ಟೀಸಿನಲ್ಲಿ ಅಷ್ಟು ಕಣ್ಣುಗಳಿಲ್ಲ. ಅವನು ಬೆಳಕು ಸೇರದೆ ಮಲಗಿದ್ದನ್ನು, ವಾಂತಿ ಮಾಡಿಕೊಂಡದ್ದನ್ನು ಕಂಡವರು ನೀವೊಬ್ಬರೇ. ನೀವು ಮಾತಿಗೆ ಕಟ್ಟುಬಿದ್ದು ಕೂತರೆ ಉಳಿದ ಕಣ್ಣು ಯಾವುದು?

ಕಾನೂನೂ ನಿಮ್ಮ ಕಡೆಗಿದೆ. ವಾಷಿಂಗ್ಟನ್ ರಾಜ್ಯದಲ್ಲಿ ಪೆಟ್ಟು ಬಿದ್ದ ಮೇಲೆ ಮತ್ತೆ ಮೈದಾನಕ್ಕಿಳಿದ 13 ವರ್ಷದ ಹುಡುಗನೊಬ್ಬನ ಬದುಕೇ ಬದಲಾದದ್ದರಿಂದ 2009ರಲ್ಲಿ ಅಲ್ಲಿ ಕಾನೂನು ಬಂತು, ಈಗ ಐವತ್ತೂ ರಾಜ್ಯಗಳಲ್ಲಿ ಇಂಥದ್ದಿದೆ. ಅನುಮಾನ ಬಂದರೆ ಸಾಕು, ಹುಡುಗನನ್ನು ಕೂರಿಸಲೇಬೇಕು. ಕೋಚ್ ಕೂರಿಸುವುದು ಶಿಕ್ಷೆಗಲ್ಲ ಎಂದು ಮಗನಿಗೆ ಹೇಳಿ. ವಾಪಸು ಹೋಗುವುದೂ ಮೆಟ್ಟಿಲು ಮೆಟ್ಟಿಲಾಗಿ: ಮೊದಲು ಓದು, ಆಮೇಲೆ ನಡಿಗೆ, ಓಟ, ಗುದ್ದಾಟವಿಲ್ಲದ ಅಭ್ಯಾಸ. ಟ್ಯಾಕಲ್ ಕೊನೆಗೆ.

ಪೂರ್ತಿ ಬಿಡಿಸಲೇ ಎಂದು ನೀವು ಕೇಳಿಲ್ಲ, ಪತ್ರದ ಕೊನೆಯ ಸಾಲಿನಲ್ಲಿ ಅದೇ ಇದೆ. ಅದನ್ನು ಈ ವಾರ ತೀರ್ಮಾನ ಮಾಡಬೇಡಿ. ಅವನ ತಲೆನೋವು ಹೋಗಲಿ, ಕೋಚ್ ನಿಮಿಷದ ಲೆಕ್ಕ ಕೊಡಲಿ, ಆಮೇಲೆ ಮೂವರೂ ಕೂತು ಮಾತಾಡಿ. ಕ್ರಿಸ್ ಬೋರ್ಲಂಡ್ ಎಂಬ ಲೈನ್‌ಬ್ಯಾಕರ್, ನಿಮ್ಮ ಮಗನದೇ ಸ್ಥಾನ, ಒಂದೇ ಸೀಸನ್ ಆಡಿ 2015ರಲ್ಲಿ ಎನ್‌ಎಫ್‌ಎಲ್ ಬಿಟ್ಟ, ಅವನಿಗಾಗ 24. ಅವನ ಹೆಸರು ಮಗನಿಗೆ ಗೊತ್ತಿರಬಹುದು, ಕೇಳಿ ನೋಡಿ. ಟ್ಯಾಕಲ್ ಇಲ್ಲದ ಫ್ಲ್ಯಾಗ್ ಫುಟ್‌ಬಾಲ್ 2028ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ಗೆ ಬರುತ್ತಿದೆ ಎಂಬುದು ಅವನಿಗಿಂತ ಮೈಸೂರಿನ ಅಜ್ಜನಿಗೆ ಹೆಚ್ಚು ಹಿಡಿಸೀತು. ಒಲಿಂಪಿಕ್ಸ್ ಅಂದರೆ ಅವರಿಗೆ ಅರ್ಥವಾಗುತ್ತದೆ.

ಮೊನ್ನೆ ನಿಮ್ಮಿಂದ ಎರಡು ಸಾಲಿನ ಉತ್ತರ ಬಂತು. ಡಾಕ್ಟರ ಅಪಾಯಿಂಟ್‌ಮೆಂಟ್ ಆಗಿದೆ, ಯಜಮಾನರಿಗೂ ಹೇಳಿದೆ, ಮಗ ಎರಡು ದಿನದಿಂದ ಮಾತು ಬಿಟ್ಟಿದ್ದಾನೆ ಎಂದು ಬರೆದಿದ್ದೀರಿ. ಅವನು ಕೇಳಿಸಿಕೊಳ್ಳದ ಹಾಗೆ ಕೂತಿದ್ದರೂ ಒಂದು ಸಲ ಹೇಳಿ: "ಮಾತು ಕೊಟ್ಟಿದ್ದೆ, ತಪ್ಪಿದೆ. ಇಂಥದ್ದಕ್ಕೆ ನಾನು ಮಾತು ಕೊಡಲೇಬಾರದಿತ್ತು." ಬಾಗಿಲು ಹಾಕಿಕೊಂಡರೆ ಹಾಕಿಕೊಳ್ಳಲಿ. ಊಟಕ್ಕೆ ಬರುತ್ತಿದ್ದಾನೆ ತಾನೆ? ಬರುತ್ತಿದ್ದರೆ ತಟ್ಟೆ ಇಟ್ಟು ಸುಮ್ಮನಿರಿ.