ಅಡುಗೆಮನೆ ನೆಲವನ್ನು ಬರಿಗಾಲಲ್ಲಿ ಆರಿಸು

ಹಾಲಿಗೆ ತಂದ ಟೈಲ್ಸನ್ನೇ ಅಡುಗೆಮನೆಗೂ ಎಳೆದುಬಿಡೋಣ ಅಂತ ಮೇಸ್ತ್ರಿ ಹೇಳಿದರೆ ತಕ್ಷಣ ಹೂಂ ಅನ್ನಬೇಡ ಕಣಮ್ಮ. ಬಾಗಿಲಿನಿಂದ ಸಿಂಕಿನವರೆಗೆ ಒಂದೇ ನೆಲ ಕಂಡರೆ ಮನೆ ದೊಡ್ಡದಾಗಿ ಕಾಣುತ್ತದೆ, ತುಂಡು ಟೈಲ್ಸೂ ಕಡಿಮೆ ಉಳಿಯುತ್ತದೆ, ನಿಜ. ಆದರೆ ಹಾಲಿನ ನೆಲಕ್ಕೆ ಬೀಳುವುದು ಹೆಚ್ಚೆಂದರೆ ಧೂಳು. ಅಡುಗೆಮನೆಯಲ್ಲಿ ನೀರು ಬೀಳುತ್ತದೆ, ಒಗ್ಗರಣೆಯ ಎಣ್ಣೆ ಸಿಡಿಯುತ್ತದೆ, ಹುಣಸೆ ರಸ ಚೆಲ್ಲುತ್ತದೆ, ಒಂದಲ್ಲ ಒಂದು ದಿನ ಕೈಜಾರಿ ಕುಕ್ಕರೂ ಬೀಳುತ್ತದೆ. ಅದರ ಮೇಲೆ ನೀವೆಲ್ಲ ಬರಿಗಾಲಲ್ಲಿ ಓಡಾಡುವವರು. ನಿನ್ನ ಅತ್ತೆಯವರಿಗೂ ವಯಸ್ಸಾಗುತ್ತಿದೆ. ಜಾರಿ ಸೊಂಟದ ಮೂಳೆ ಮುರಿದರೆ ಆ ವಯಸ್ಸಿನಲ್ಲಿ ಮತ್ತೆ ಎದ್ದು ಮೊದಲಿನಂತೆ ಓಡಾಡುವುದು ಸುಲಭವಲ್ಲ. ಹಾಗಾಗಿ ಮೊದಲು ನೋಡಬೇಕಾದ್ದು ಒದ್ದೆಯಾದಾಗ ನೆಲ ಜಾರುತ್ತದೆಯೇ ಎನ್ನುವುದು. ಬಣ್ಣ, ಡಿಸೈನು, ರೇಟು ಎಲ್ಲ ಆಮೇಲೆ.

ಅಂಗಡಿಯವರು ಟೈಲ್ಸಿನ ಹಿಡಿತಕ್ಕೆ ಆರ್ 9, ಆರ್ 10, ಆರ್ 11 ಅಂತ ನಂಬರು ಹೇಳುತ್ತಾರೆ. ನಂಬರು ಹೆಚ್ಚಾದಷ್ಟೂ ಹಿಡಿತ ಹೆಚ್ಚು. ಅಡುಗೆಮನೆಗೆ 10 ಆದರೂ ಇರಲಿ. ಆದರೆ ಇದು ಜರ್ಮನಿಯ ಲೆಕ್ಕ. ಅಲ್ಲಿ ಟೈಲ್ಸಿನ ಮೇಲೆ ಎಣ್ಣೆ ಸವರಿ, ಬೂಟು ತೊಟ್ಟವರನ್ನು ನಡೆಸುತ್ತಾ ಇಳಿಜಾರನ್ನು ಹೆಚ್ಚಿಸುತ್ತಾ ಹೋಗಿ ನೋಡುತ್ತಾರೆ. ನಮ್ಮದು ಬರಿಗಾಲು. ಅದಕ್ಕೆ ಇಷ್ಟವಾದ ಎರಡು ಮೂರು ಬಗೆಯಲ್ಲಿ ಒಂದೊಂದು ಸ್ಯಾಂಪಲ್ ಕೇಳಿ ಮನೆಗೆ ತಾ. ಜರುಗದಂತೆ ಕೆಳಗೆ ಒದ್ದೆ ಗೋಣಿಚೀಲ ಹಾಸಿ ಇಡು. ಮೇಲೆ ಒಂದು ಲೋಟ ನೀರು ಚೆಲ್ಲಿ, ಗೋಡೆ ಹಿಡಿದುಕೊಂಡು ಹಿಮ್ಮಡಿ ಊರಿ ತಳ್ಳಿ ನೋಡು. ಆಮೇಲೆ ಎರಡು ಹನಿ ಅಡುಗೆ ಎಣ್ಣೆ ಸವರಿ ಇನ್ನೊಮ್ಮೆ. ಒಂದು ಮೂಲೆಯಲ್ಲಿ ಅರಿಸಿನ ಕಲಸಿದ ಎಣ್ಣೆ, ಇನ್ನೊಂದು ಮೂಲೆಯಲ್ಲಿ ಹಿಂಡಿದ ನಿಂಬೆ ಹೋಳು ಇಟ್ಟು ರಾತ್ರಿಯಿಡೀ ಬಿಡು. ಬೆಳಿಗ್ಗೆ ಮನೆಯಲ್ಲಿ ಬಳಸುವ ಒರೆಸುವ ಬಟ್ಟೆಯಿಂದಲೇ ಒರೆಸು. ತೀರಾ ತರಿತರಿಯಾದ ಟೈಲ್ಸಾದರೆ ಬಟ್ಟೆಯ ಎಳೆ ಸಿಕ್ಕಿಕೊಳ್ಳುತ್ತದೆ, ಅರಿಸಿನ ಗುಳಿಯಲ್ಲೇ ಉಳಿಯುತ್ತದೆ, ಅದು ಬೇಡ. ಕಾಲು ನಿಲ್ಲಬೇಕು, ಬಟ್ಟೆ ಸರಾಗವಾಗಿ ಹೋಗಬೇಕು.

ಕಲ್ಲಿನ ಆಸೆ ಇದ್ದರೆ ನಿಂಬೆಹಣ್ಣಿನ ಪರೀಕ್ಷೆಯನ್ನು ಬಿಡಲೇಬೇಡ. ಮಾರ್ಬಲ್ ಅಂದರೆ ಮೂಲತಃ ಸುಣ್ಣದಂಶದ ಕಲ್ಲು. ಹುಳಿ ತಾಗಿದ ಕಡೆ ಪಾಲಿಶ್ ತಿಂದುಹೋಗಿ ಮಂಕು ಮಚ್ಚೆ ಉಳಿಯುತ್ತದೆ. ಅದು ಕೊಳೆಯಲ್ಲ, ಕಲ್ಲೇ ಸವೆದದ್ದು. ಯಾವ ಸೋಪಿಗೂ ಹೋಗುವುದಿಲ್ಲ, ಮತ್ತೆ ಪಾಲಿಶ್ ಹೊಡೆಸಬೇಕು. ಸಾರು, ಗೊಜ್ಜು, ಚಿತ್ರಾನ್ನ ಮಾಡುವ ಮನೆಯ ಅಡುಗೆಕೋಣೆಗೆ ಮಾರ್ಬಲ್ ಸಲ್ಲದು. ಕಲಬುರಗಿ ಕಡೆಯ ಶಹಾಬಾದ್ ಕಲ್ಲು, ಆಂಧ್ರದ ಕಡಪ, ರಾಜಸ್ಥಾನದ ಕೋಟಾ, ಇವು ಮೂರೂ ಸುಣ್ಣದಕಲ್ಲಿನ ಜಾತಿಯವೇ. ಆದರೂ ಶಹಾಬಾದ್ ಬಗ್ಗೆ ನನಗೆ ಪ್ರೀತಿ ಇದೆ. ಗಟ್ಟಿ, ಅಗ್ಗ, ಬಿಸಿಲುನಾಡಿನ ಮನೆಗಳಲ್ಲಿ ಕಾಲಿಗೆ ತಂಪು. ಕನ್ನಡಿಯಂತೆ ಪಾಲಿಶ್ ಹೊಡೆಸದೆ ಹಾಕಿಸಿದರೆ ಹುಳಿಯ ಮಚ್ಚೆಯೂ ಅಷ್ಟಾಗಿ ಕಾಣುವುದಿಲ್ಲ. ಒಂದೇ ಮಾತು: ಕೆಲಸ ಮುಗಿದ ಮೇಲೆ ಸಿಮೆಂಟ್ ಕಲೆ ತೆಗೆಯಲು ಆ್ಯಸಿಡ್ ಸುರಿಯುವ ಅಭ್ಯಾಸ ಕೆಲವು ಕೆಲಸಗಾರರಿಗಿದೆ. ಈ ಕಲ್ಲುಗಳ ಮೇಲೆ ಒಂದು ಹನಿಯೂ ಬೀಳಕೂಡದು. ಎದುರು ನಿಂತು ಹೇಳು.

ಗ್ರಾನೈಟಿಗೆ ನಿಂಬೆಹುಳಿಯ ಭಯವಿಲ್ಲ. ಇಳಕಲ್ಲಿನ ಕೆಂಪು, ಚಾಮರಾಜನಗರದ ಕಪ್ಪು, ನಮ್ಮ ನಾಡಿನಲ್ಲೇ ಒಳ್ಳೆಯ ಕಲ್ಲಿದೆ. ನೆಲಕ್ಕೆ ಮಾತ್ರ ಹೊಳೆಯುವ ಪಾಲಿಶ್ ಬೇಡ, ಲೆದರ್ ಫಿನಿಶ್ ಕೇಳು. ತಿಳಿ ಬಣ್ಣದ ಕೆಲವು ಗ್ರಾನೈಟು ಎಣ್ಣೆ ಹೀರಿ ಕಪ್ಪಗಾಗುತ್ತದೆ. ಕಡುಗಪ್ಪು ಅಂತ ಕೊಡುವ ಕಲ್ಲಿಗೆ ಬಣ್ಣ ಹಚ್ಚಿರುವುದೂ ಉಂಟು. ನೇಲ್ ಪಾಲಿಶ್ ರಿಮೂವರ್ ಅದ್ದಿದ ಬಿಳಿ ಬಟ್ಟೆಯಿಂದ ಉಜ್ಜಿದರೆ ಗೊತ್ತಾಗುತ್ತದೆ.

ರೆಡ್ ಆಕ್ಸೈಡ್ ನೆಲ ಕೇಳಿದ್ದೆಯಲ್ಲ, ಅದು ಚೆಂದವೇ. ಸಂದಿಲ್ಲದ ನೆಲ, ಒರೆಸಿದಷ್ಟೂ ಮೆರುಗು. ಆದರೆ ಅದು ಪೂರ್ತಿ ಕೈಕೆಲಸ. ಸಿಮೆಂಟ್ ಹಸಿಯಿರುವಾಗಲೇ ತಿಕ್ಕಿ ತಿಕ್ಕಿ ನಯ ಮಾಡಬೇಕು, ಆಮೇಲೆ ವಾರವಾದರೂ ನೀರು ಕಟ್ಟಿ ನಿಲ್ಲಿಸಬೇಕು. ಅವಸರ ಮಾಡಿದರೆ ಬಿರುಕು ಬಿಡುತ್ತದೆ. ಆ ಮೇಸ್ತ್ರಿ ಹಿಂದೆ ಮಾಡಿದ ನೆಲವನ್ನು ಕಣ್ಣಾರೆ ನೋಡಿ, ನಡೆದು ಬಂದ ಮೇಲಷ್ಟೇ ಒಪ್ಪಿಸು. ಮರದ ಲ್ಯಾಮಿನೇಟ್ ವಿಚಾರ ಬಿಟ್ಟೇಬಿಡು, ನೀರು ಸಂದಿಗೆ ಇಳಿದರೆ ಉಬ್ಬುತ್ತದೆ.

ಇನ್ನು ಹೆಚ್ಚಿನವರು ಕೊನೆಗೆ ಬಂದು ನಿಲ್ಲುವುದು ವಿಟ್ರಿಫೈಡ್ ಟೈಲ್ಸಿಗೆ. ನಾನೂ ಅದನ್ನೇ ಹೇಳುತ್ತೇನೆ. ಅದು ಹೀರುವ ನೀರು ತನ್ನ ತೂಕದ ನೂರಕ್ಕೆ ಅರ್ಧ ಭಾಗಕ್ಕಿಂತ ಕಡಿಮೆ. ಗೋಡೆ ಟೈಲ್ಸು ನೂರಕ್ಕೆ 10ಕ್ಕಿಂತಲೂ ಹೆಚ್ಚು ಹೀರುತ್ತದೆ, ಪೆಟ್ಟಿಗೂ ನಿಲ್ಲುವುದಿಲ್ಲ. ಅಗ್ಗಕ್ಕೆ ಸಿಗುತ್ತದೆಂದು ಅದನ್ನು ನೆಲಕ್ಕೆ ಹಾಕಿಸಬೇಡ. ಮ್ಯಾಟ್ ಫಿನಿಶ್, ಎರಡಡಿ ಚೌಕ, ಬೂದು ಅಥವಾ ಗಂಧದ ಬಣ್ಣ ಸಾಕು. ಪಾತ್ರೆ ತೊಳೆಯುವ ಯುಟಿಲಿಟಿಗೆ ಒಂದಡಿ ಟೈಲ್ಸ್ ತಾ. ಸಣ್ಣ ಟೈಲ್ಸಿನಲ್ಲಿ ಮೋರಿಯ ಕಡೆಗೆ ಇಳಿಜಾರು ಸರಿಯಾಗಿ ಸಿಗುತ್ತದೆ, ಸಂದುಗಳಿಂದ ಹಿಡಿತವೂ ಹೆಚ್ಚು.

ಟೈಲ್ಸಿನಷ್ಟೇ ಮುಖ್ಯ ಅದನ್ನು ಕೂರಿಸುವ ಕೆಲಸ. ಅವಸರದ ಕೆಲಸಗಾರ ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು ಗುಪ್ಪೆ ಗಾರೆ ಇಟ್ಟು ಟೈಲ್ಸ್ ಒತ್ತಿಬಿಡುತ್ತಾನೆ. ಉಳಿದ ಜಾಗವೆಲ್ಲ ಪೊಳ್ಳು. ಭಾರದ ಪಾತ್ರೆ ಬಿದ್ದರೆ ಒಡೆಯುವುದು ಅಲ್ಲೇ. ಸಂದು ತುಂಬುವ ಮೊದಲು ಪ್ರತಿಯೊಂದು ಟೈಲ್ಸನ್ನೂ ಕೋಲಿನಿಂದ ತಟ್ಟುತ್ತಾ ಹೋಗು. ಟೊಳ್ಳು ಸದ್ದು ಬಂದದ್ದನ್ನು ಆವತ್ತೇ ಕೀಳಿಸಿ ಮತ್ತೆ ಹಾಕಿಸು. ಟೈಲ್ಸನ್ನು ಒಂದಕ್ಕೊಂದು ತಾಗಿಸಿ ಕೂರಿಸಲು ಬಿಡಬೇಡ, ಸ್ಪೇಸರ್ ಇಟ್ಟು ಎರಡು ಮೂರು ಮಿಲಿಮೀಟರ್ ಸಂದು ಬಿಡಿಸು. ಆ ಸಂದಿಗೆ ಬಿಳಿ ಸಿಮೆಂಟ್ ತುಂಬಿದರೆ ಎಣ್ಣೆ ಜಿಡ್ಡು ಹೀರಿ ಬೇಗ ಕಪ್ಪಾಗುತ್ತದೆ. ದುಬಾರಿಯಾದರೂ ಎಪಾಕ್ಸಿ ಗ್ರೌಟ್ ಹಾಕಿಸು, ಮತ್ತು ಮೇಲೆ ಮೆತ್ತಿಕೊಂಡದ್ದನ್ನು ಗಟ್ಟಿಯಾಗುವ ಮುಂಚೆ ಒರೆಸಿಸು. ಕ್ಯಾಬಿನೆಟ್ ಬರುವ ಜಾಗ ತಾನೇ ಅಂತ ಅಡಿಯಲ್ಲಿ ನೆಲ ಬಿಡುವ ಉಳಿತಾಯ ಬೇಡ. ಸಿಂಕಿನ ಪೈಪು ಸೋರುವುದು ಅಲ್ಲಿಯೇ.

ಅಳತೆಗಿಂತ ನೂರಕ್ಕೆ 10ರಷ್ಟು ಹೆಚ್ಚು ತರಿಸು. ಎಲ್ಲ ಪೆಟ್ಟಿಗೆಯ ಮೇಲೂ ಒಂದೇ ಬ್ಯಾಚ್ ನಂಬರ್ ಇದೆಯೇ ನೋಡಿಕೊಂಡು ಇಳಿಸಿಕೋ. ಒಂದು ಪೆಟ್ಟಿಗೆ ಅಟ್ಟದ ಮೇಲಿರಲಿ, ಐದು ವರ್ಷ ಕಳೆದ ಮೇಲೆ ಅದೇ ಡಿಸೈನು ಅಂಗಡಿಯಲ್ಲಿ ಸಿಗುವ ಖಾತ್ರಿ ಇಲ್ಲ. ಮತ್ತೆ, ಅಡ್ವಾನ್ಸ್ ಕೊಡುವ ಮೊದಲು ಆ ಒದ್ದೆ ಟೈಲ್ಸಿನ ಮೇಲೆ ನಿನ್ನ ಅತ್ತೆಯವರನ್ನೂ ಕೈಹಿಡಿದು ಒಮ್ಮೆ ನಿಲ್ಲಿಸಮ್ಮ. ಅವರಿಗೆ ಕಾಲು ಜಾರಿದಂತೆನಿಸಿದರೆ ಎಷ್ಟೇ ಚೆಂದವಿದ್ದರೂ ಆ ಟೈಲ್ಸ್ ಬೇಡ.