ಮಲೆನಾಡಿನ ಕಡವೆ: ಬೆದೆ, ಗಬ್ಬ ಮತ್ತು ಮರಿಯ ಪಾಲನೆ

ಮುಂಗಾರು ಹಿಡಿದ ಮೇಲೆ ತಾಳಗುಪ್ಪದ ಸುತ್ತಿನ ಹಳ್ಳಿಗಳಲ್ಲಿ ಕೊಟ್ಟಿಗೆಗೆ ಹಸಿಸೊಪ್ಪು ತರುವ ಕೆಲಸ ಆರಂಭವಾಗುತ್ತದೆ. ಬೇಸಿಗೆಯಲ್ಲಿ ದರಕು, ಮಳೆಗಾಲದಲ್ಲಿ ಹಸಿಸೊಪ್ಪು ಎಂಬುದು ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಅಡಿಕೆ ಬೆಳೆಗಾರರ ಹಳೆಯ ರೂಢಿ. ಹೀಗೆ ಸೊಪ್ಪಿನ ಬೆಟ್ಟಕ್ಕೆ ಹೋದವರಿಗೆ ಒಮ್ಮೊಮ್ಮೆ ಪೊದೆಯ ಬುಡದಲ್ಲಿ ಕಾಲು ಮಡಚಿ, ಕುತ್ತಿಗೆಯನ್ನು ನೆಲಕ್ಕೆ ಚಾಚಿ, ಅಲುಗದೆ ಮಲಗಿರುವ ಕಂದು ಬಣ್ಣದ ಮರಿಯೊಂದು ಕಾಣಸಿಗುತ್ತದೆ. ಹತ್ತಿರ ಹೋದರೂ ಅದು ಏಳುವುದಿಲ್ಲ, ಕೂಗುವುದಿಲ್ಲ. ತಾಯಿಯ ಸುಳಿವೂ ಇರುವುದಿಲ್ಲ. ತಬ್ಬಲಿಯೆಂದು ಮರುಕಪಟ್ಟು ಅದನ್ನು ಕಂಬಳಿಯಲ್ಲಿ ಸುತ್ತಿ ಮನೆಗೆ ತರುವವರಿದ್ದಾರೆ. ಮರುಕ ಒಳ್ಳೆಯದೇ, ಆದರೆ ಈ ಮರುಕ ಅನೇಕ ಸಲ ಮರಿಯ ಸಾವಿಗೆ ಕಾರಣವಾಗುತ್ತದೆ. ಹೀಗೇಕೆ ಎಂಬುದನ್ನು ತಿಳಿಯಬೇಕಾದರೆ ಕಡವೆಯ ಸಂತಾನ ಕ್ರಮವನ್ನು ಮೊದಲಿನಿಂದ ನೋಡಬೇಕು.

ಕಡವೆಯು ನಮ್ಮ ದೇಶದ ಜಿಂಕೆಗಳಲ್ಲಿ ಅತಿ ದೊಡ್ಡದು. ಚೆನ್ನಾಗಿ ಬೆಳೆದ ಗಂಡು 200 ಕಿಲೋಗ್ರಾಂ ಮೀರಿ ತೂಗುತ್ತದೆ. ಸಾರಗದಂತೆ ಇದು ದೊಡ್ಡ ಹಿಂಡು ಕಟ್ಟುವುದಿಲ್ಲ. ಗಂಡು ಬಹುಮಟ್ಟಿಗೆ ಒಂಟಿ. ಹೆಣ್ಣು ತನ್ನ ಒಂದೆರಡು ಮರಿಗಳೊಡನೆ ಇರುತ್ತದೆ. ನೀರಿನ ಆಸರೆ ಇರುವ ದಟ್ಟ ಕಾಡು ಇದಕ್ಕೆ ಒಗ್ಗುತ್ತದೆ. 1972ರಲ್ಲಿ ಅಭಯಾರಣ್ಯವೆಂದು ಘೋಷಿತವಾಗಿ 2019ರಲ್ಲಿ ಸಿಂಗಳೀಕ ಅಭಯಾರಣ್ಯವಾಗಿ ವಿಸ್ತರಿಸಲ್ಪಟ್ಟ ಶರಾವತಿ ಕಣಿವೆಯಲ್ಲದೆ, ಊರ ಪಕ್ಕದ ಕಾನು, ಸೊಪ್ಪಿನ ಬೆಟ್ಟಗಳೂ ಇದಕ್ಕೆ ಆಶ್ರಯ ಕೊಡುತ್ತವೆ. ಹಗಲು ಅಲ್ಲಿ ಮಲಗಿದ್ದು ರಾತ್ರಿ ಗದ್ದೆಗೆ ಇಳಿಯುವುದು ಇದರ ಪದ್ಧತಿ.

ಕೊಂಬು ಮತ್ತು ಬೆದೆ

ದನದ ಕೊಂಬಿಗೂ ಕಡವೆಯ ಕೊಂಬಿಗೂ ಮೂಲಭೂತ ವ್ಯತ್ಯಾಸವಿದೆ. ದನದ ಕೊಂಬು ಜೀವನಪರ್ಯಂತ ಉಳಿಯುತ್ತದೆ. ಕಡವೆಯದು ಗಟ್ಟಿ ಮೂಳೆ. ಉದುರಿ ಮತ್ತೆ ಬೆಳೆಯುತ್ತದೆ. ಗಂಡಿಗೆ ಮಾತ್ರ ಕೊಂಬುಂಟು, ಪೂರ್ಣ ಬೆಳೆದಾಗ ಒಂದೊಂದರಲ್ಲೂ ಮೂರು ಕವಲು. ಸಾಮಾನ್ಯವಾಗಿ ಬೇಸಿಗೆಯ ಮೊದಲ ಭಾಗದಲ್ಲಿ ಉದುರಿ, ಮಳೆಗಾಲದುದ್ದಕ್ಕೂ ಮಖಮಲ್ಲಿನಂಥ ಮೆತ್ತನೆ ಚರ್ಮದ ಹೊದಿಕೆಯಲ್ಲಿ ಹೊಸ ಕೊಂಬು ಬೆಳೆಯುತ್ತದೆ. ಆಗ ಅದರಲ್ಲಿ ರಕ್ತ ಹರಿಯುತ್ತಿದ್ದು, ಪೆಟ್ಟಾದರೆ ನೋವಾಗುತ್ತದೆ. ಗಂಡು ಆ ದಿನಗಳಲ್ಲಿ ಸಾಧುವಾಗಿ ಅಡಗಿರುತ್ತದೆ. ಬೆಳವಣಿಗೆ ಮುಗಿದೊಡನೆ ಚರ್ಮ ಒಣಗಿ, ಗಂಡು ಅದನ್ನು ಗಿಡಮರಗಳಿಗೆ ಉಜ್ಜಿ ಕಳಚಿಕೊಳ್ಳುತ್ತದೆ. ಕಾಡಂಚಿನ ಎಳೆ ಗಿಡಗಳ ತೊಗಟೆ ಸುಲಿದು ಹೋಗಿರುವುದು ಕಂಡರೆ ಇದೇ ಕಾರಣವಿರಬಹುದು. ಕಾಡಿನಲ್ಲಿ ಬಿದ್ದ ಕೊಂಬನ್ನು ಮುಳ್ಳುಹಂದಿಗಳು ಸುಣ್ಣದಂಶಕ್ಕಾಗಿ ಕಡಿದು ತಿನ್ನುತ್ತವೆ. ಅದು ಅವಕ್ಕೇ ಇರಲಿ. ಉದುರಿದ್ದೆಂಬ ನೆಪದಿಂದ ಮನೆಗೆ ತಂದಿಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ ವಿರುದ್ಧ.

ಬೆದೆಯ ಕಾಲ ಹೆಚ್ಚಾಗಿ ಅಕ್ಟೋಬರಿನಿಂದ ಡಿಸೆಂಬರಿನವರೆಗೆ. ಗಂಡು ಒಂದು ಪ್ರದೇಶವನ್ನು ತನ್ನದೆಂದು ಹಿಡಿದು, ಕೆಸರಿನಲ್ಲಿ ತನ್ನ ಮೂತ್ರವನ್ನೇ ಬೆರೆಸಿ ಹೊರಳುತ್ತದೆ. ಕುತ್ತಿಗೆಯ ಕೂದಲು ದಟ್ಟವಾಗುತ್ತದೆ. ಕೆಲವೊಮ್ಮೆ ಹಿಂಗಾಲ ಮೇಲೆ ನೆಟ್ಟಗೆ ನಿಂತು, ಮೇಲಿನ ಕೊಂಬೆಗೆ ಮುಖ ಮತ್ತು ಕೊಂಬನ್ನು ಉಜ್ಜುತ್ತದೆ. ಕಣ್ಣಿನ ಕೆಳಗಿನ ಗ್ರಂಥಿಯ ವಾಸನೆ ಅಲ್ಲಿ ಉಳಿಯುತ್ತದೆ. ಹೆಣ್ಣುಗಳಿಗೆ ಇದು ಆಹ್ವಾನ, ಬೇರೆ ಗಂಡುಗಳಿಗೆ ಎಚ್ಚರಿಕೆ. ಬೆದೆಗೆ ಬಂದ ಹೆಣ್ಣಿನ ಬೆನ್ನಟ್ಟಿ, ಮೂತ್ರ ಮೂಸಿ, ಮೇಲ್ದುಟಿ ಎತ್ತಿ ನಿಲ್ಲುವುದನ್ನು ಹೋರಿ ಸಾಕಿದವರು ಬೇಗ ಗುರುತಿಸಬಲ್ಲರು. ಕೂಡಿದ ನಂತರ ಗಂಡಿಗೆ ಸಂಸಾರದ ಹೊಣೆಯಿಲ್ಲ.

ಇದೇ ಸಮಯಕ್ಕೆ ಭತ್ತ ಮಾಗುತ್ತದೆ ಎಂಬುದನ್ನು ರೈತರು ಗಮನಿಸಬೇಕು. ಬೆದೆಯ ಗಂಡಿಗೆ ಮನುಷ್ಯರ ಅಂಜಿಕೆ ಕಡಿಮೆ. ಮಾಳದಲ್ಲಿ ಗದ್ದೆ ಕಾಯುವವರು ದೂರದಿಂದಲೇ ಸದ್ದು, ಬೆಳಕು ಮಾಡಿ ಓಡಿಸಬೇಕೇ ಹೊರತು ದೊಣ್ಣೆ ಹಿಡಿದು ಎದುರು ಹೋಗಬಾರದು.

ಮರಿ ಮತ್ತು ಅದರ ಅಡಗುತಾಣ

ಗಬ್ಬದ ಅವಧಿ ಸುಮಾರು 8 ತಿಂಗಳು. ಅಕ್ಟೋಬರಿನಲ್ಲಿ ಗಬ್ಬವಾದ ಹೆಣ್ಣು ಜೂನ್ ತಿಂಗಳಲ್ಲಿ, ಎಲ್ಲೆಡೆ ಹಸಿರು ಚಿಗುರಿರುವಾಗ ಮರಿ ಹಾಕುತ್ತದೆ. ಹಾಲು ಕೊಡುವ ತಾಯಿಗೆ ಮೇವು ಸಮೃದ್ಧವಾಗಿರುವ ಕಾಲ ಅದು. ಆಗ ಬೀಳುವ ಮೃಗಶಿರ ಮಳೆಯ ಹೆಸರಿಗೆ ಜಿಂಕೆಯ ತಲೆ ಎಂದೇ ಅರ್ಥವಾದರೂ, ಅದು ನಕ್ಷತ್ರದ ಹೆಸರು. ಮರಿಗಳಿಗೂ ಅದಕ್ಕೂ ಸಂಬಂಧ ಕಲ್ಪಿಸಬೇಕಾಗಿಲ್ಲ. ಬೇರೆ ತಿಂಗಳುಗಳಲ್ಲಿ ಹುಟ್ಟುವ ಮರಿಗಳೂ ಇವೆ.

ಒಂದು ಸೂಲಿಗೆ ಒಂದೇ ಮರಿ, ಅವಳಿ ಅಪರೂಪ. ತೂಕ ಸುಮಾರು 5ರಿಂದ 8 ಕಿಲೋಗ್ರಾಂ. ತಾಯಿ ಮಾಸನ್ನು ತಿಂದು, ಮರಿಯನ್ನು ನೆಕ್ಕಿ ಶುಚಿಮಾಡಿ, ಪೊದೆಯಲ್ಲಿ ಮಲಗಿಸಿ ದೂರ ಹೋಗುತ್ತದೆ. ಎಳೆ ಮರಿಗೆ ಮೈವಾಸನೆ ಅತಿ ಕಡಿಮೆ. ಹಾಲೂಡಿಸಲು ಬಂದಾಗ ತಾಯಿ ಅದರ ಮಲಮೂತ್ರವನ್ನೂ ನೆಕ್ಕಿಬಿಡುವುದರಿಂದ ಚಿರತೆ, ಸೀಳುನಾಯಿಗಳಿಗೆ ಸುಳಿವು ಸಿಗುವುದು ಕಷ್ಟ. ತಾಯಿಯ ಮೈವಾಸನೆಯೇ ಹೆಚ್ಚು. ಅದು ಪಕ್ಕದಲ್ಲೇ ನಿಂತರೆ ಮರಿಗೆ ಅಪಾಯ. ಆದ್ದರಿಂದ ತಾಯಿ ಕಾಣದಿರುವುದು ಮರಿಯ ರಕ್ಷಣೆಯ ಒಂದು ಭಾಗವೇ ಆಗಿದೆ. ಹಕ್ಕಲಿನಲ್ಲಿ ಕರು ಹಾಕಿದ ಮಲೆನಾಡು ಗಿಡ್ಡ ಹಸು ಕರುವನ್ನು ಪೊದೆಯಲ್ಲಿ ಬಚ್ಚಿಟ್ಟು ಸಂಜೆ ಒಂಟಿಯಾಗಿ ಮನೆಗೆ ಬರುವುದನ್ನು ಕಂಡವರಿಗೆ ಇದು ಹೊಸದೇನಲ್ಲ.

ಎಲ್ಲ ಜಿಂಕೆಗಳೂ ಹೀಗೆ ಮಾಡುವುದಿಲ್ಲ. ಉತ್ತರ ಧ್ರುವದ ಸಮೀಪದ ಬಯಲುಗಳಲ್ಲಿ ಹಿಂಡುಹಿಂಡಾಗಿ ಅಲೆಯುವ ಹಿಮಸಾರಂಗದ ಮರಿ, ಹುಟ್ಟಿದ ಸ್ವಲ್ಪ ಹೊತ್ತಿನಲ್ಲೇ ಎದ್ದು ನಿಂತು, ಒಂದೆರಡು ದಿನಗಳಲ್ಲಿ ತಾಯಿಯ ಹಿಂದೆ ಓಡಬಲ್ಲದು. ಮರೆಯಿಲ್ಲದ ಬಯಲಿನಲ್ಲಿ ಬಚ್ಚಿಡುವುದಾದರೂ ಎಲ್ಲಿ? ಅಲ್ಲಿ ಹೆಣ್ಣಿಗೂ ಕೊಂಬುಂಟು. ಗಬ್ಬದ ಹೆಣ್ಣು ಚಳಿಗಾಲವಿಡೀ ಅದನ್ನು ಉಳಿಸಿಕೊಂಡು, ತಾನು ಹಿಮ ಕೆದಕಿ ಕಂಡ ಮೇವನ್ನು ಇತರರಿಂದ ಕಾಯುತ್ತದೆ. ನಮ್ಮ ಕಡವೆಗೆ ಪೊದೆಯೇ ಕಾವಲು.

ಎರಡು ವಾರ ತುಂಬುವುದರೊಳಗೆ ಮರಿ ಎಲೆ ಕಚ್ಚತೊಡಗುತ್ತದೆ. ಒಂದು ತಿಂಗಳ ನಂತರ ಮೆಲುಕು ಹಾಕುತ್ತದೆ. ಬಳಿಕ ತಾಯಿಯ ಹಿಂದೆಯೇ ತಿರುಗುತ್ತದೆ. ಅಪಾಯ ಕಂಡರೆ ತಾಯಿ ಬಾಲ ಎತ್ತಿ, ಮುಂಗಾಲು ನೆಲಕ್ಕೆ ಬಡಿದು ‘ಢಾಂಕ್’ ಎಂದು ಕೂಗುತ್ತದೆ. ಒಂದೆರಡು ವರ್ಷ ತಾಯಿಯ ಸಂಗಡವಿದ್ದೇ ಮೇವು, ನೀರು, ಶತ್ರುಗಳ ಪರಿಚಯ ಪಡೆಯುತ್ತದೆ.

ಮನೆಗೆ ತಂದ ಮರಿಗೆ ಈ ಯಾವ ಶಿಕ್ಷಣವೂ ಇಲ್ಲ. ಕಡವೆಯ ಹಾಲಿನಲ್ಲಿ ಹಸುವಿನ ಹಾಲಿಗಿಂತ ಜಿಡ್ಡು ಮತ್ತು ಪ್ರೋಟೀನು ಬಹಳ ಹೆಚ್ಚು. ಹಸುವಿನ ಹಾಲು ಕುಡಿಸಿದ ಮರಿ ಹಲವು ಸಲ ಭೇದಿಯಾಗಿ ಸಾಯುತ್ತದೆ. ಬದುಕಿದ್ದು ಗಂಡಾದರೆ ಮತ್ತೂ ಕಷ್ಟ. ಕೊಂಬು ಬಂದು ಬೆದೆ ಏರಿದಾಗ, ಮನುಷ್ಯರ ಭಯವೇ ಇಲ್ಲದ ಆ ಪ್ರಾಣಿ ಸಾಕಿದವರನ್ನೇ ತಿವಿಯಬಹುದು. ಸಾಕುವುದು ಕಾನೂನಿನಂತೆ ಅಪರಾಧ ಎಂಬುದು ಬೇರೆ ಮಾತು.

ಆದ್ದರಿಂದ ಮರಿ ಕಂಡಲ್ಲಿ ಸೊಪ್ಪು ಕಡಿಯುವುದನ್ನು ನಿಲ್ಲಿಸಿ, ಆ ದಿನ ಬೆಟ್ಟದ ಬೇರೆ ಬದಿಗೆ ಹೋಗುವುದು ಲೇಸು. ಜೂನ್‌ನಿಂದ ಆಗಸ್ಟ್‌ವರೆಗೆ ನಾಯಿಯನ್ನು ಸೊಪ್ಪಿಗೆ ಹೋಗುವಾಗ ಕರೆದೊಯ್ಯದಿರುವುದು ಎಲ್ಲಕ್ಕಿಂತ ಮುಖ್ಯ. ಮನುಷ್ಯ ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದೇ ಇಲ್ಲ ಎಂಬ ಮಾತು ಸರಿಯಲ್ಲ. ತಿಳಿಯದೆ ಎತ್ತಿ ತಂದಿದ್ದರೆ ಅಂದೇ, ಎತ್ತಿದ ಜಾಗದಲ್ಲೇ ಮಲಗಿಸಿ ದೂರ ಸರಿಯಬೇಕು. ತಾಯಿ ಸತ್ತಿರುವುದು ಖಚಿತವಾದರೆ ಅಥವಾ ಮರಿಗೆ ಗಾಯವಾಗಿದ್ದರೆ ಮಾತ್ರ ಅರಣ್ಯ ಇಲಾಖೆಯ ಹತ್ತಿರದ ಕಚೇರಿಗೆ ತಿಳಿಸುವುದು.

ಮೈಮೇಲೆ ಬಿಳಿ ಚುಕ್ಕೆಗಳಿರುವ ತೀರ ಸಣ್ಣ ಮರಿ ಕಂಡರೆ ಅದು ಕಾಡುಕುರಿಯದಿರಬಹುದು. ಕಾಡುಕುರಿಗೆ ಬೆದೆಯ ಕಾಲ ಇಂಥದೇ ಎಂದಿಲ್ಲ. ದರಕು ಗುಡಿಸುವ ಬೇಸಿಗೆಯಲ್ಲೂ ಅದರ ಮರಿ ಪೊದೆಯಲ್ಲಿರಬಹುದು. ಅದನ್ನೂ ಮುಟ್ಟದೆ ಬಿಡಬೇಕು.